ಹವ್ಯಾಸಿಗೊಂದು ವಿಸಿಟಿಂಗ್ ಕಾರ್ಡು

ವಿಸಿಟಿಂಗ್ ಕಾರ್ಡು ಎಂಬುದು ವ್ಯಾಪಾರಸ್ಥರ ಸ್ವತ್ತು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಯಾವ ಹೋಟೆಲಿನ ಗಲ್ಲಾದ ಮೇಲೆ ಹಾಸಿದ ಗಾಜಿನ ಕೆಳಗಾದರೂ ನೋಡಿರಿ: ಕಾಫಿಪುಡಿಯವನದು, ಗ್ಯಾಸಿನವನದು, ಗ್ರೈಂಡರು ರಿಪೇರಿಯವನದು, ವಿಮಾ ಏಜೆಂಟನದು. ಗುಮಾಸ್ತನಿಗೆ ಕಾರ್ಡಿಲ್ಲ, ಮಾಣಿಗಂತೂ ಇಲ್ಲವೇ ಇಲ್ಲ. ಹೀಗಿರುವಲ್ಲಿ, ಮಾರುವ ಮಾಲಿಲ್ಲದೆ, ಬರುವ ಗಿರಾಕಿಯಿಲ್ಲದೆ, ಕೇವಲ ಹವ್ಯಾಸಕ್ಕಾಗಿ ಒಬ್ಬನು ತನ್ನ ಹೆಸರಿನ ಕಾರ್ಡನ್ನು ಅಚ್ಚು ಹಾಕಿಸಿದನೆಂದರೆ ನಗುವವರೇ ಹೆಚ್ಚು. ನಾವೂ ಮೊದಲು ನಕ್ಕವರೇ.

ಸಂಗತಿ ಇಷ್ಟೆ. ಹೋಟೆಲು ನಡೆಸುವ ನಮ್ಮ ಮಿತ್ರರೊಬ್ಬರ ಮಗನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಮೊನ್ನೆ ರಜೆಯಲ್ಲಿ ಮುಂಬಯಿಗೆ ಬಂದವನು ತಂದೆಯ ಕೈಗೊಂದು ಕಾರ್ಡನ್ನು ಕೊಟ್ಟನು. ಅದರಲ್ಲಿ ಅವನ ಹೆಸರು, ಊರು, ಫೋನ್ ನಂಬರು. ಕೆಳಗೆ ‘ಹವ್ಯಾಸಿ ಲೋಹಶೋಧಕ’ ಎಂಬರ್ಥದ ಇಂಗ್ಲಿಷ್ ಮಾತು. ಮೂಲೆಯಲ್ಲಿ ಹೊಳೆಯುವ ಚಿನ್ನದ ನಾಣ್ಯದ ಚಿತ್ರ. “ಇಷ್ಟು ಓದಿ ಕೊನೆಗೆ ಗುಜರಿ ಆಯುವುದಕ್ಕೆ ಇಳಿದೆಯೇನೋ?” ಎಂದರು ತಂದೆ. “ಹೆಚ್ಚಿನ ದಿನ ಸಿಗುವುದು ಗುಜರಿಯೇ ಅಪ್ಪ,” ಎಂದು ಹುಡುಗನು ನಕ್ಕನು.

ನಮ್ಮ ರೈಲು ನಿಲ್ದಾಣಗಳ ಬಾಗಿಲಲ್ಲಿ ಚೌಕಟ್ಟಿನಂತೆ ನಿಂತಿರುವ ಮೆಟಲ್ ಡಿಟೆಕ್ಟರನ್ನು ವಾಚಕರು ದಿನವೂ ದಾಟಿಹೋಗುತ್ತಾರೆ. ಅದರ ಸೋದರನನ್ನೇ ಕೋಲಿನ ತುದಿಗೆ ಕಟ್ಟಿಕೊಂಡು, ಉತ್ತ ಹೊಲಗಳಲ್ಲಿ ಬೀಸುತ್ತ ನಡೆಯುವುದು ಈ ಹವ್ಯಾಸ. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರವುಂಟಾಗುತ್ತದೆ. ಮಣ್ಣಿನೊಳಗಣ ಲೋಹದಲ್ಲಿ ಅದರಿಂದ ಸಣ್ಣ ವಿದ್ಯುತ್ಪ್ರವಾಹವೆದ್ದು ಮರುದನಿ ಕೊಡುತ್ತದೆ. ಕಿವಿಯಲ್ಲಿ ‘ಕುಂಯ್’ ಎನ್ನುತ್ತದೆ. ಒಂದು ನಾಣ್ಯವನ್ನು ಗುರುತಿಸಬಲ್ಲುದು ಹೆಚ್ಚೆಂದರೆ ಗೇಣಿನಷ್ಟು ಆಳದಲ್ಲಿ. ಮಳೆಯಲ್ಲಿ, ಚಳಿಯಲ್ಲಿ ದಿನವಿಡೀ ನಡೆದರೆ ಮೊಳೆ, ಬಾಟಲಿಯ ಮುಚ್ಚಳ, ಹರಿದ ತಗಡು. ಅದೃಷ್ಟವಿದ್ದರೆ ಯಾರದೋ ಮುತ್ತಜ್ಜನ ಅಂಗಿಯ ಗುಂಡಿ.

ಇಷ್ಟಕ್ಕೆ ಕಾರ್ಡೇಕೆ? ಹೊಲವು ಇನ್ನೊಬ್ಬರದು, ಅದಕ್ಕೆ. ಒಡೆಯನ ಒಪ್ಪಿಗೆಯಿಲ್ಲದೆ ಕಾಲಿಟ್ಟರೆ ಆ ದೇಶದಲ್ಲಿ ಅದು ಅತಿಕ್ರಮ ಪ್ರವೇಶ. ಸಿಕ್ಕಿದ್ದನ್ನು ಜೇಬಿಗಿಳಿಸಿದರೆ ಕಳವು. ಸಂರಕ್ಷಿತ ಪ್ರಾಚೀನ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಈ ಯಂತ್ರವನ್ನು ಬಳಸುವುದೇ 1979ರ ಕಾಯಿದೆಯ ಪ್ರಕಾರ ಅಪರಾಧ. ಆದುದರಿಂದ ಹವ್ಯಾಸಿಯು ಮೊದಲು ರೈತನ ಬಾಗಿಲು ತಟ್ಟಬೇಕು. ರೈತನು ಟ್ರ್ಯಾಕ್ಟರಿನ ಮೇಲಿರುತ್ತಾನೆ, ದನದ ಕೊಟ್ಟಿಗೆಯಲ್ಲಿರುತ್ತಾನೆ. ನಿಂತು ಮಾತಾಡಲು ಅವನಿಗೆ ಪುರುಸೊತ್ತಿಲ್ಲ. ಕೈಗೆ ಕಾರ್ಡು ಕೊಟ್ಟು “ಯೋಚಿಸಿ ತಿಳಿಸಿರಿ” ಎಂದು ಬರಬಹುದು. ರಾತ್ರಿ ಊಟವಾದ ಮೇಲೆ ಅವನು ಹೆಂಡತಿಯೊಡನೆ ವಿಚಾರಿಸಿಯಾನು, ನೆರೆಯವನನ್ನು ಕೇಳಿಯಾನು. ಬೇಡವೆನ್ನುವುದಕ್ಕೂ ಅವನಿಗೊಂದು ದಾರಿ ಸಿಕ್ಕಿತು. ನಮ್ಮ ಹುಡುಗನ ಬಣ್ಣ ಬೇರೆ, ಮಾತಿನ ರೀತಿ ಬೇರೆ. ಅವನಂಥವನಿಗೆ ಆ ತುಂಡು ಕಾಗದದ ಅಗತ್ಯ ಇನ್ನೂ ಹೆಚ್ಚು ಎಂಬುದು, ಊರು ಬಿಟ್ಟು ಬಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಹವ್ಯಾಸದ ಬೆಲೆಯೇನೆಂಬುದಕ್ಕೆ ಎರಡು ಕತೆಗಳನ್ನು ಹೇಳುತ್ತೇವೆ, ಎರಡೂ ನಡೆದವು. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸ್ನೆ ಎಂಬ ಹಳ್ಳಿಯ ರೈತನೊಬ್ಬನು ಹೊಲದಲ್ಲಿ ತನ್ನ ಸುತ್ತಿಗೆಯನ್ನು ಕಳೆದುಕೊಂಡನು. ತೋಟದ ಕೆಲಸದಿಂದ ನಿವೃತ್ತನಾಗಿದ್ದ ಅವನ ಗೆಳೆಯನು ಯಂತ್ರ ಹಿಡಿದು ಹುಡುಕಲು ಹೋದನು. ಸಿಕ್ಕಿದ್ದು ರೋಮನರ ಕಾಲದ ಚಿನ್ನ ಬೆಳ್ಳಿ. ಅವನು ಸ್ವಲ್ಪ ಅಗೆದು, ಇದು ಸಾಮಾನ್ಯವಲ್ಲವೆಂದು ಅರಿತೊಡನೆ ಕೈ ನಿಲ್ಲಿಸಿ, ಪೊಲೀಸರಿಗೂ ಜಮೀನಿನ ಒಡೆತನವಿದ್ದ ಸ್ಥಳೀಯ ಆಡಳಿತಕ್ಕೂ ತಿಳಿಸಿದನು. ಮರುದಿನವೇ ಪುರಾತತ್ತ್ವಜ್ಞರು ಬಂದು, ಪೆಟ್ಟಿಗೆಯಲ್ಲಿ ಯಾವುದರ ಮೇಲೆ ಯಾವುದನ್ನು ಇಟ್ಟಿದ್ದರೆಂಬುದೂ ತಿಳಿಯುವಂತೆ ಅಗೆದು ತೆಗೆದರು. ಸುಮಾರು 15,000 ನಾಣ್ಯಗಳು, ಚಮಚಗಳು, ಒಡವೆಗಳು. ಬೆಲೆ 17.5 ಲಕ್ಷ ಪೌಂಡು. ಆ ಹಣವನ್ನು ಆತನು ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನ ಸೊತ್ತು.

ಇನ್ನೊಂದು, 2015ರಲ್ಲಿ ಹೆರೆಫರ್ಡ್‌ಷೈರಿನಲ್ಲಿ ನಡೆದುದು. ಇಬ್ಬರು ಹವ್ಯಾಸಿಗಳಿಗೆ ವೈಕಿಂಗರ ಕಾಲದ ನಿಧಿಯೊಂದು ದೊರಕಿತು. ಅವರು ಜಮೀನಿನ ಒಡೆಯನಿಗೆ ಹೇಳಲಿಲ್ಲ, ಕಾಯಿದೆಯಂತೆ ಅಧಿಕಾರಿಗೆ ವರದಿ ಮಾಡಲಿಲ್ಲ. ಗುಟ್ಟಾಗಿ ಮಾರಲು ಹೊರಟರು. 2019ರಲ್ಲಿ ಇಬ್ಬರೂ ಸೆರೆಮನೆ ಸೇರಿದರು. ಸುಮಾರು 300 ನಾಣ್ಯಗಳಿದ್ದಿರಬೇಕೆಂದು ಅಂದಾಜು. ವಿಚಾರಣೆಯ ಹೊತ್ತಿಗೆ ಕೈಸೇರಿದ್ದುದು 31. ಸಾವಿರ ವರ್ಷಗಳ ಹಿಂದಣ ಇಬ್ಬರು ರಾಜರು ಪರಸ್ಪರ ಮೈತ್ರಿಯಿಂದಿದ್ದರೆಂಬುದಕ್ಕೆ ಸಾಕ್ಷಿ ಹೇಳುವ ನಾಣ್ಯಗಳೂ ಅದರಲ್ಲಿದ್ದವು. ಮಿಕ್ಕವು ಏನು ಹೇಳುತ್ತಿದ್ದವೋ!

ಇಲ್ಲಿಯೇ ಆಕ್ಷೇಪವೊಂದು ಏಳುತ್ತದೆ. ಕಳ್ಳನೂ ಕಾರ್ಡು ಅಚ್ಚು ಹಾಕಿಸಬಲ್ಲನಲ್ಲವೆ? ಬಲ್ಲನು. ಕಾರ್ಡು ಯೋಗ್ಯತಾಪತ್ರವಲ್ಲ, ಒಪ್ಪಿಗೆಪತ್ರವಂತೂ ಅಲ್ಲವೇ ಅಲ್ಲ. ಕಾರ್ಡು ಕೊಟ್ಟು ಬಂದ ಮಾತ್ರಕ್ಕೆ ಹೊಲಕ್ಕಿಳಿಯುವಂತಿಲ್ಲ. ಆದರೆ ರಾತ್ರಿಯಲ್ಲಿ ಕದ್ದು ಅಗೆಯುವವನು ತನ್ನ ನಿಜವಾದ ಫೋನ್ ನಂಬರನ್ನು ಹೊಲದೊಡೆಯನ ಮೇಜಿನ ಮೇಲೆ ಬಿಟ್ಟುಹೋಗುವುದು ಅಪರೂಪ. ನಾಳೆ ಗುಂಡಿ ಮುಚ್ಚದೆ ಹೋದುದಕ್ಕೆ ಕರುವಿನ ಕಾಲು ಮುರಿದರೆ ಯಾರನ್ನು ಕೇಳಬೇಕೆಂಬುದು ಒಡೆಯನಿಗೆ ಗೊತ್ತಿರುತ್ತದೆ. ಆ ಗೊತ್ತಿಗೆ ಒಳಗಾಗಲು ಒಪ್ಪಿದವನೆಂದೇ ಕಾರ್ಡು ಕೊಡುವವನ ಮೇಲೆ ನಮಗೆ ಗೌರವ.

ಹಾಗೆಂದು ಕಾರ್ಡಿನಲ್ಲಿ ಏನನ್ನಾದರೂ ಬರೆಯಬಹುದೆಂದಲ್ಲ. ‘ಸಂಶೋಧಕ’, ‘ಪ್ರಾಚ್ಯವಸ್ತು ತಜ್ಞ’ ಎಂಬ ಬಿರುದುಗಳು ಸಲ್ಲವು. ಹವ್ಯಾಸಿಯು ಹವ್ಯಾಸಿಯೆಂದೇ ಹೇಳಿಕೊಳ್ಳಲಿ. ಹೆಸರು, ಊರು, ಎತ್ತಿ ಮಾತಾಡುವ ಫೋನು. ಗುಂಡಿ ಮುಚ್ಚುತ್ತೇನೆ, ಸಿಕ್ಕಿದ್ದೆಲ್ಲವನ್ನೂ ತೋರಿಸುತ್ತೇನೆ ಎಂಬ ಎರಡು ಮಾತು. ಮದುವೆಯುಂಗುರ ಕಳೆದುಕೊಂಡವರು ಇಂಥ ಕಾರ್ಡು ನೋಡಿ ಕರೆಯುವುದುಂಟಂತೆ. ಅದಕ್ಕೆ ಹಣ ತೆಗೆದುಕೊಳ್ಳುವುದಾದರೆ ಮೊದಲೇ ಹೇಳಬೇಕು, ಆಗ ಅದು ಹವ್ಯಾಸವೆಂಬ ಮುಸುಕು ಬೇಡ. ಚಿನ್ನದ ನಾಣ್ಯದ ಚಿತ್ರ ಮಾತ್ರ ನಮಗೆ ಸರ್ವಥಾ ಒಪ್ಪಿಗೆಯಿಲ್ಲ. ಅದು ರೈತನ ಮನಸ್ಸಿನಲ್ಲೂ ಹವ್ಯಾಸಿಯ ಮನಸ್ಸಿನಲ್ಲೂ ಆಸೆಯನ್ನು ಹುಟ್ಟಿಸಿ, ಸಿಗದಿದ್ದ ದಿನ ಸಂಶಯವನ್ನು ಬೆಳೆಸುತ್ತದೆ.

ಸಂಶಯವೆಂದೊಡನೆ ನಮಗೊಂದು ಹಳೆಯ ನೆನಪು. ನಾವು ಊಟ ಮಾಡುತ್ತಿದ್ದ ಹೋಟೆಲಿನಲ್ಲಿ ಕೈತೊಳೆಯುವ ಕಡೆ ಮಾಣಿಯೊಬ್ಬನಿಗೆ ಉಂಗುರ ಸಿಕ್ಕಿತು. ಅವನು ತಂದು ಗಲ್ಲಾದಲ್ಲಿ ಕೊಟ್ಟನು. ಉಂಗುರದವರು ಬಂದುದು ಮೂರು ದಿನಗಳ ತರುವಾಯ. ಆ ಮೂರು ದಿನ ಹುಡುಗನ ಟ್ರಂಕನ್ನು ಎರಡು ಸಲ ಶೋಧಿಸಿದರು; ಒಂದು ಕೊಟ್ಟವನು ಇನ್ನೊಂದನ್ನು ಇಟ್ಟುಕೊಂಡಿರಬಹುದೆಂಬ ತರ್ಕ! ಊರಿನಿಂದ ಹೊಸದಾಗಿ ಬಂದವನು, ಅವನು ಯಾರ ಮಗನೆಂದು ಹೇಳುವವರು ಅಲ್ಲಿರಲಿಲ್ಲ. ಸಿಕ್ಕಿದ್ದನ್ನು ಮರಳಿಸುವುದು ಸುಲಭವೆಂದು ತಿಳಿದವರು ಆ ಹುಡುಗನ ಮುಖವನ್ನು ನೋಡಬೇಕಾಗಿತ್ತು.

ಇಂಗ್ಲೆಂಡಿನಲ್ಲಿ ಸಿಕ್ಕವನ ಹೆದರಿಕೆಯನ್ನು ತಕ್ಕಮಟ್ಟಿಗೆ ಕಾಯಿದೆಯೇ ಕಳೆದಿದೆ. 1996ರ ನಿಧಿ ಕಾಯಿದೆಯಂತೆ 14 ದಿನಗಳೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತುಸಂಗ್ರಹಾಲಯ ಕೊಂಡರೆ ಬೆಲೆಯನ್ನು ಸಾಮಾನ್ಯವಾಗಿ ಸಿಕ್ಕವನಿಗೂ ಜಮೀನಿನವನಿಗೂ ಸಮನಾಗಿ ಹಂಚುತ್ತಾರೆ. ನಿಧಿಯೆನಿಸದ ಸಣ್ಣಪುಟ್ಟ ವಸ್ತುಗಳನ್ನೂ ದಾಖಲಿಸಿಕೊಳ್ಳಲು 1997ರಿಂದ ಒಂದು ಯೋಜನೆಯಿದ್ದು, ಪ್ರಾಂತಗಳಲ್ಲಿ ಅದಕ್ಕೆಂದೇ ಅಧಿಕಾರಿಗಳಿದ್ದಾರೆ. ಇದುವರೆಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ಸಿಕ್ಕ ಸ್ಥಳದ ಸಹಿತ ದಾಖಲಾಗಿವೆ. ಸ್ಥಳವೇ ಮುಖ್ಯ, ಜಾಗ ತಪ್ಪಿದ ನಾಣ್ಯ ಬರಿಯ ಲೋಹ.

ನಮ್ಮ ದೇಶದ ಮಾತೇನು? ಇಲ್ಲಿ ಯಂತ್ರ ಹಿಡಿದು ಹೊಲಕ್ಕಿಳಿದರೆ ಊರವರು ನಿಧಿಗಳ್ಳನೆಂದು ಕಟ್ಟಿಹಾಕುತ್ತಾರೆ, ಮತ್ತು ಅವರನ್ನು ತಪ್ಪೆನ್ನಲಾಗದು. ಹಾಳು ಗುಡಿಗಳ ಗರ್ಭಗೃಹಗಳನ್ನು ನಿಧಿಯಾಸೆಯಿಂದ ಅಗೆದು ಕೆಡಿಸಿದವರ ಸುದ್ದಿಯನ್ನು ನಮ್ಮ ಪತ್ರಿಕೆಗಳು ಎಷ್ಟು ಸಲ ಬರೆದಿಲ್ಲ! ಅಂಥಲ್ಲಿ ಕಾರ್ಡು ಪೊಲೀಸರ ಕೆಲಸವನ್ನು ಹಗುರ ಮಾಡೀತೇ ಹೊರತು ಹವ್ಯಾಸಿಯನ್ನು ಕಾಯಲಾರದು. ಆದುದರಿಂದ ರಜೆಗೆ ಬರುವ ಮಕ್ಕಳು ಆ ಯಂತ್ರವನ್ನು ಊರಿಗೆ ತರದಿರುವುದೇ ಲೇಸು.

ಆದರೆ ಹುಡುಕದೆಯೂ ಸಿಗುವುದುಂಟು. ಬಾವಿ ತೋಡುವಾಗ, ಮನೆಯ ಪಾಯ ಅಗೆಯುವಾಗ ಗುದ್ದಲಿಗೆ ಮಡಕೆ ತಗಲುವುದು ನಮ್ಮ ಅಣ್ಣತಮ್ಮಂದಿರಿಗೇ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ 10 ರೂಪಾಯಿಗೆ ಮೀರಿದ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು: ಏನು, ಎಷ್ಟು ಬೆಲೆಯದು, ಎಲ್ಲಿ, ಯಾವ ದಿನ. ಮುಚ್ಚಿಟ್ಟರೆ ಪಾಲು ಹೋಗುವುದಲ್ಲದೆ ಒಂದು ವರ್ಷದವರೆಗೆ ಸೆರೆವಾಸ. ಇದು ಎಲ್ಲರಿಗೂ ಗೊತ್ತು. ನಿಧಿಗೆ ವಾರಸುದಾರರಿಲ್ಲವೆಂದು ನಿರ್ಣಯವಾಗಿ, ಬೇರೆ ಒಪ್ಪಂದವಿಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಸ್ಥಳದ ಒಡೆಯನಿಗೆ ಎಂದು ಅದೇ ಕಾಯಿದೆ ಹೇಳುತ್ತದೆಂಬುದು ಎಷ್ಟು ಜನರಿಗೆ ಗೊತ್ತು? ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆಯೂ ಇದೆ. ಕೂಲಿಯವನಿಗೆ ಕಾಯಿದೆಯ ಭಯ ಮಾತ್ರ ತಲಪಿದೆ, ಹಕ್ಕು ತಲಪಿಲ್ಲ. ಆದುದರಿಂದ ಚಿನ್ನವು ರಾತ್ರೋರಾತ್ರಿ ಅಕ್ಕಸಾಲಿಗನ ಮೂಸೆಗೆ ಬೀಳುತ್ತದೆ. ತಾಲ್ಲೂಕಿಗೊಬ್ಬ ತಿಳಿವಳಿಕೆಯ ಅಧಿಕಾರಿಯನ್ನು ನೇಮಿಸಿ, ಅವನ ಹೆಸರು, ಫೋನ್ ನಂಬರುಳ್ಳ ಕಾರ್ಡನ್ನು ಪ್ರತಿ ಪಂಚಾಯತಿ ಕಚೇರಿಯಲ್ಲಿ ಅಂಟಿಸಬಾರದೇಕೆ? ಇಲ್ಲಿ ಕಾರ್ಡು ಬೇಕಾಗಿರುವುದು ಹವ್ಯಾಸಿಗಲ್ಲ, ಸರಕಾರಕ್ಕೆ.

ನಮ್ಮ ಹುಡುಗನಿಗೆ ನಾಣ್ಯದ ಚಿತ್ರದ ವಿಷಯವನ್ನು ಹೇಳಿದೆವು. “ಇನ್ನೂ 200 ಕಾರ್ಡು ಉಳಿದಿವೆಯಲ್ಲ ಮಾವ, ಅವು ಮುಗಿದ ಮೇಲೆ ತೆಗೆಸುತ್ತೇನೆ,” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಲ್ಲಾದ ಮೇಲಿದ್ದ ಪೆನ್ನನ್ನು ತೆಗೆದುಕೊಂಡು, ನಮಗೆ ಕೊಟ್ಟ ಕಾರ್ಡಿನ ನಾಣ್ಯದ ಮೇಲೆ ಗೀಟು ಎಳೆದನು. ತಂದೆಯವರು ಅದನ್ನು ನಮ್ಮ ಕೈಯಿಂದ ಇಸಿದುಕೊಂಡು, ಕಾಫಿಪುಡಿಯವನ ಕಾರ್ಡನ್ನು ತುಸು ಸರಿಸಿ, ಗಾಜಿನ ಕೆಳಗೆ ಇಟ್ಟರು.