ಹಳೆಯ ಕ್ಯಾಸೆಟ್ಟು, ಹೊಸ ಟಿ.ವಿ., ನಡುವಿನ ಪೆಟ್ಟಿಗೆ



ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಹಳೆಯ ಮನೆಗಳ ಅಟ್ಟದ ಮೇಲೆ ಹುಡುಕಿದರೆ ಇಂದಿಗೂ ಎರಡು ಮೂರು ವಿಡಿಯೊ ಕ್ಯಾಸೆಟ್ಟುಗಳು ಸಿಕ್ಕಾವು. ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳ ಜೊತೆಗೆ, ಈಗ ನಮ್ಮೊಡನಿಲ್ಲದ ಹಿರಿಯರ ನಡೆ, ನಗು, ಮಾತುಗಳೂ ಅವುಗಳಲ್ಲಿವೆ. ಅವನ್ನು ಗೋಡೆಯ ಮೇಲಿನ ಹೊಸ ಟಿ.ವಿ.ಯಲ್ಲಿ ನೋಡಲು ಯಾವ ಪೆಟ್ಟಿಗೆ ಕೊಳ್ಳಬೇಕೆಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತೋರಿಸುವ ಪೆಟ್ಟಿಗೆಗಿಂತ ಮುಂಚೆ ಉಳಿಸುವ ಸಾಧನಕ್ಕೆ ಹಣ ಹಾಕಿರಿ.

ಮೊದಲು ವಿಷಯ ತಿಳಿಯೋಣ. ವಿ.ಸಿ.ಆರ್., ವಿ.ಸಿ.ಪಿ.ಗಳಿಂದ ಹೊರಡುವುದು ಅನಲಾಗ್ ಸಂಕೇತ. ಹಳದಿ ತಂತಿಯಲ್ಲಿ ಚಿತ್ರ, ಬಿಳಿಯದರಲ್ಲಿ ಎಡದ ಧ್ವನಿ, ಕೆಂಪಿನಲ್ಲಿ ಬಲದ ಧ್ವನಿ. ಹೊಸ ಟಿ.ವಿ.ಗಳು ಬಯಸುವುದು ಎಚ್‌ಡಿಎಂಐ ಎಂಬ ಡಿಜಿಟಲ್ ಸಂಕೇತವನ್ನು. ಆದರೆ ಕೆಲವು ಟಿ.ವಿ.ಗಳ ಹಿಂಬದಿಯಲ್ಲಿ ‘ಎವಿ’ ಎಂದು ಬರೆದ ಕಿಂಡಿ ಇನ್ನೂ ಇರುತ್ತದೆ. ಅದಿದ್ದರೆ ಪರಿವರ್ತಕವೇ ಬೇಡ. ತಕ್ಕ ತಂತಿ ಸಾಕು.

ಇಲ್ಲವಾದರೆ ಪರಿವರ್ತಕ ಕೊಳ್ಳಬೇಕು. ಇಲ್ಲಿ ದಿಕ್ಕು ಮುಖ್ಯ. ಎವಿಯಿಂದ ಎಚ್‌ಡಿಎಂಐಗೆ ತಿರುಗಿಸುವ ಪೆಟ್ಟಿಗೆ ಬೇರೆ, ಎಚ್‌ಡಿಎಂಐಯಿಂದ ಎವಿಗೆ ತಿರುಗಿಸುವುದು ಬೇರೆ. ನೋಡಲು ಎರಡೂ ಅವಳಿ ಮಕ್ಕಳಂತಿರುತ್ತವೆ, ಆದರೆ ಒಂದು ಇನ್ನೊಂದರ ಕೆಲಸ ಮಾಡದು. ಅಮೆರಿಕದ ಬಂಧುಗಳು ಕಳಿಸಿದ ಕ್ಯಾಸೆಟ್ಟಿದ್ದರೆ ಇನ್ನೂ ಒಂದು ಎಚ್ಚರ ಬೇಕು. ನಮ್ಮ ಪಾಲ್ ಪದ್ಧತಿಯಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅವರ ಎನ್‌ಟಿಎಸ್‌ಸಿಯಲ್ಲಿ 525 ಗೆರೆಗಳು, ಸುಮಾರು 30 ಚಿತ್ರಗಳು. ಕ್ಯಾಸೆಟ್ ಓಡಿಸುವ ಯಂತ್ರವೂ ಪರಿವರ್ತಕವೂ ಎರಡನ್ನೂ ಬಲ್ಲವಾಗಿರಬೇಕು.

2013ರ ಮಾರ್ಚ್ 31ರ ಗಡುವಿನೊಡನೆ ಬೆಂಗಳೂರಿನ ಕೇಬಲ್ ಡಿಜಿಟಲ್ ಆದಾಗ ಮನೆಮನೆಗೆ ಸೆಟ್ ಟಾಪ್ ಬಾಕ್ಸ್ ಬಂದಿತು. ಈಗ ಅದರ ಜೊತೆಗೆ ಡಿವಿಡಿ ಯಂತ್ರ, ಮೊಮ್ಮಕ್ಕಳ ಆಟದ ಯಂತ್ರ, ಟಿ.ವಿ.ಯಲ್ಲಿ ಕಿಂಡಿಗಳು ಸಾಲವು. ಹಲವು ಯಂತ್ರಗಳಲ್ಲಿ ಒಂದನ್ನು ಆರಿಸಿ ಒಂದೇ ಟಿ.ವಿ.ಗೆ ಕಳಿಸುವುದು ಸ್ವಿಚ್. ಒಂದು ಯಂತ್ರದ ಚಿತ್ರವನ್ನು ಹಲವು ಟಿ.ವಿ.ಗಳಿಗೆ ಹಂಚುವುದು ಸ್ಪ್ಲಿಟ್ಟರ್. ಮನೆಗೆ ಸಾಮಾನ್ಯವಾಗಿ ಬೇಕಾದದ್ದು ಸ್ವಿಚ್. ಅಂಗಡಿಯಲ್ಲಿ ಹೆಸರು ಹೇಳುವ ಬದಲು ಕೆಲಸವನ್ನು ವಿವರಿಸಿ ಕೇಳಿರಿ. ಎಸ್.ಪಿ. ರಸ್ತೆಯಲ್ಲಿ ಇವು ದೊರೆಯುತ್ತವೆ. ರಾಜಾಜಿನಗರದವರಿಗೆ ಚಿಕ್ಕಪೇಟೆಗೆ ನೇರ ಮೆಟ್ರೊ ಇದೆ. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಬೇಕು.

ಪೆಟ್ಟಿಗೆಯ ಮೇಲೆ ‘1080ಪಿ’ ಎಂದು ಅಚ್ಚಾಗಿರುವುದನ್ನು ಕಂಡು ಹಿಗ್ಗಬೇಡಿ. ವಿ.ಎಚ್.ಎಸ್. ಟೇಪು ಹಿಡಿದಿಟ್ಟ ವಿವರವೇ ಅಲ್ಪ. ಪರಿವರ್ತಕವು ಅದನ್ನು ಹಿಗ್ಗಿಸಬಲ್ಲದು, ಇಲ್ಲದ ವಿವರವನ್ನು ತಂದುಕೊಡಲಾರದು. ಅಜ್ಜಿಯ ಸೀರೆಯ ಅಂಚು ಅಂದು ಮಸುಕಾಗಿದ್ದರೆ ಇಂದೂ ಮಸುಕೇ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಪರಿವರ್ತಕವು ತೋರಿಸುತ್ತದೆಯೇ ಹೊರತು ಏನನ್ನೂ ಉಳಿಸುವುದಿಲ್ಲ. ಪ್ರತಿ ಸಲ ಓಡಿದಾಗಲೂ ಟೇಪು ತುಸು ಸವೆಯುತ್ತದೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬಿಳಿಯ ಬೂಷ್ಟು ಕಂಡ ಕ್ಯಾಸೆಟ್ಟನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಬೇಡಿ, ಅದು ಮುಂದಿನ ಕ್ಯಾಸೆಟ್ಟಿಗೂ ಹರಡೀತು. ಯಂತ್ರವನ್ನಾದರೂ ಮತ್ತೆ ಕೊಳ್ಳೋಣವೆಂದರೆ, ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲೇ ಅದನ್ನು ನಿಲ್ಲಿಸಿತು.

ಆದ್ದರಿಂದ ಗಣಕಯಂತ್ರದ ಯುಎಸ್‌ಬಿಗೆ ಜೋಡಿಸುವ ವಿಡಿಯೊ ಕ್ಯಾಪ್ಚರ್ ಸಾಧನವನ್ನು ಮೊದಲು ಕೊಳ್ಳಿರಿ. ಅದೇ ಮೂರು ತಂತಿಗಳು ಅದಕ್ಕೂ ಸಾಕು. ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸಿಕೊಳ್ಳಲು ಮೂರು ಗಂಟೆಯೇ ಬೇಕು. ಡಿವಿಡಿ ಗುಣಮಟ್ಟದಲ್ಲಿ ಅದು ಸುಮಾರು 7 ಗಿಗಾಬೈಟ್ ಆದೀತು. ಒಮ್ಮೆ ಕಡತವಾದರೆ ಪೆನ್ ಡ್ರೈವಿನಿಂದಲೇ ಟಿ.ವಿ.ಯಲ್ಲಿ ನೋಡಬಹುದು, ಪರಿವರ್ತಕದ ಅಗತ್ಯವೇ ಬೀಳುವುದಿಲ್ಲ. ಪ್ರತಿಗಳನ್ನು ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳಿಗೂ ಕೊಡಿರಿ. ಒಂದು ಮನೆಯಲ್ಲಿ ಕಳೆದುಹೋದರೂ ಇನ್ನೊಂದರಲ್ಲಿ ಉಳಿದೀತು.

ಓಡುವ ಯಂತ್ರ ಯಾರ ಮನೆಯಲ್ಲಿದೆಯೆಂದು ಈ ಭಾನುವಾರವೇ ವಿಚಾರಿಸಿ. ಕ್ಯಾಸೆಟ್ಟಿನಲ್ಲಿ ಕಾಣುವವರ ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ, ಇಳಿಸಿಕೊಳ್ಳುವಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಬರೆದಿಟ್ಟುಕೊಳ್ಳಿ.