ಗೋಶಾಲೆಗೆ ಮೇವು, ಕಾವಲಿಗೆ ಗೋಡೆ

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು ನಿರುಪಯುಕ್ತ ಬಂಜರು ಎಂಬ ಮಾತು ಕಡತಗಳಿಂದ ಹೊರಟು ಸುಶಿಕ್ಷಿತರ ನಾಲಗೆಯ ಮೇಲೂ ನೆಲೆಸಿದೆ. ಈ ಮಾತು ಅಸತ್ಯ. ಮೈಸೂರು ಅರಸರ ಕಾಲದಿಂದ ದನಗಳಿಗೆಂದೇ ಕಾಯ್ದಿಟ್ಟ ನೆಲವದು. ಹೈದರ್, ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನೆಳೆದ ಎತ್ತುಗಳು ಮೇದದ್ದು ಇಂಥ ಕಾವಲುಗಳಲ್ಲಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹುಲ್ಲೇ ಮುಖ್ಯ ಬೆಳೆ. ಹುಲ್ಲಿನಿಂದ ಕುರಿ, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ಕೃಷ್ಣಮೃಗಕ್ಕೂ ಎರೆಭೂತಕ್ಕೂ ಬೇಕಾದದ್ದು ಇಂಥದೇ ಬಯಲು. ಇದನ್ನು ಬಂಜರೆಂದು ಕರೆದವರು ಯಾರ ಕಣ್ಣಿನಿಂದ ನೋಡಿದರು?

2008ರಿಂದ 2010ರ ಅವಧಿಯಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಹಂಚಿಕೆಯಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಪರಮಾಣು, ಬಾಹ್ಯಾಕಾಶ ಸಂಸ್ಥೆಗಳಿಗೂ ಖಾಸಗಿ ಸೌರವಿದ್ಯುತ್ ಕಂಪನಿಯೊಂದಕ್ಕೂ ಪಾಲು ದೊರೆಯಿತು. ಅನೇಕ ಗ್ರಾಮಸ್ಥರಿಗೆ ವಿಷಯ ತಿಳಿದದ್ದು ಗೋಡೆ ಏಳುವಾಗ. ಅವರು ಹೋರಾಟ ಸಮಿತಿ ಕಟ್ಟಿದರು, ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠದವರೆಗೂ ದೂರು ಹೋಯಿತು. 2014ರ ತೀರ್ಪು ಯೋಜನೆಗಳನ್ನು ರದ್ದುಪಡಿಸಲಿಲ್ಲ. 2017ರಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಗೊಂಡಿತು.

ದೇಶಕ್ಕೆ ರಕ್ಷಣೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಕುರಿಗಾಹಿಯನ್ನು ಒಂದು ಮಾತೂ ಕೇಳದೆ ಅವನ ಹುಲ್ಲನ್ನು ಕಸಿಯುವುದು ರಕ್ಷಣೆಗೆ ಅನಿವಾರ್ಯವೆಂದು ಯಾರೂ ಸಾಧಿಸಿ ತೋರಿಸಿಲ್ಲ.

ಈ ಪ್ರಕರಣದಲ್ಲಿ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜದ ಮೌನ ಹೆಚ್ಚು ನೋವಿನ ಸಂಗತಿ. ಜೀವದಯೆಯ ಹೆಸರಿನಲ್ಲಿ ಶ್ರಾವಕರು ಗೋಶಾಲೆಗಳಿಗೆ ನೀಡುವ ದಾನ ಅಲ್ಪವಲ್ಲ. ಪರ್ಯುಷಣದ ದಿನಗಳಲ್ಲಿ ಲಾರಿಗಟ್ಟಲೆ ಮೇವು ಹೋಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನುಟ್ಟು ಬಸದಿಗೆ ಬರಬಹುದೇ ಎಂದು ಹುಳುವಿನ ಪ್ರಾಣದ ಲೆಕ್ಕ ಹಾಕುವವರೂ ಇದ್ದಾರೆ, ಅದು ಯುಕ್ತವೇ. ಅದೇ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಉಳುಮೆಗೆ ಹೂಡದೆ, ಮಾರದೆ, ಕಿಲಾರಿಗಳ ಕೈಯಲ್ಲಿ ತಲೆಮಾರುಗಳಿಂದ ಪೋಷಿಸುತ್ತ ಬಂದಿದ್ದಾರೆ. ಬರಗಾಲದಲ್ಲಿ ಆ ಎತ್ತುಗಳು ಮೇವಿಲ್ಲದೆ ಬಡವಾದಾಗ ಸಂಕಟಪಟ್ಟು ಚೀಟಿ ಹರಿಯುವವರು, ಅವುಗಳ ಮೇವಿನ ನೆಲ ಗೋಡೆಯೊಳಗೆ ಸೇರಿದಾಗ ಒಂದು ಮನವಿಪತ್ರವನ್ನೂ ಬರೆಯಲಿಲ್ಲ. ಕಾವಲು ಉಳಿದರೆ ಎಷ್ಟು ದನ ಗೋಶಾಲೆಯ ಹಂಗಿಲ್ಲದೆ ಬದುಕುತ್ತವೆಂಬ ಲೆಕ್ಕ ದಾನಪಟ್ಟಿಯಲ್ಲಿ ಬರುವುದೇ ಇಲ್ಲ.

ಪರಿಗ್ರಹ ಪರಿಮಾಣ ವ್ರತದಲ್ಲಿ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಮೊದಲು ಬರುವುದು ಕ್ಷೇತ್ರ, ಬಳಿಕ ವಾಸ್ತು. ಹೊಲಗದ್ದೆ, ಮನೆಮಾರುಗಳ ಮೋಹವನ್ನು ಚಿನ್ನಕ್ಕಿಂತ ಮುಂಚೆ ಆಚಾರ್ಯರು ಎಣಿಸಿದ್ದು ಸುಮ್ಮನೆಯೇ? ಗೋಮಾಳಕ್ಕೆ ತಾಗಿದ ಬಡಾವಣೆಯಲ್ಲಿ ನಿವೇಶನ ಕೊಂಡು, ಬಂದ ಲಾಭದಲ್ಲಿ ಒಂದಂಶವನ್ನು ಗೋಶಾಲೆಗಿತ್ತು ಪುಣ್ಯ ಸಂಪಾದಿಸಿದೆನೆಂದು ತಿಳಿಯುವ ಶ್ರಾವಕನಿಗೆ ಈ ಪ್ರಶ್ನೆ ಕಹಿಯಾಗಬಹುದು.

ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ. ಆ ಆಧಾರ ಹಿಡಿದು ಕೇಳುವ ಶಕ್ತಿ, ವಕೀಲರು, ಹಣ ಎಲ್ಲವೂ ಬಸದಿಗಳ ಟ್ರಸ್ಟುಗಳಿಗಿದೆ. ಬರುವ ಚಾತುರ್ಮಾಸದ ಸಭೆಗಳಲ್ಲಿ ಗೋಶಾಲೆಯ ಚಂದಾ ಪಟ್ಟಿಯ ಜೊತೆಗೆ ಆಯಾ ಊರಿನ ಗೋಮಾಳದ ಸರ್ವೆ ನಂಬರುಗಳನ್ನೂ ಮೇಜಿನ ಮೇಲಿಡಲಿ.