ಲೆಕ್ಕದ ಮೇಜಿನಿಂದ ತಂತ್ರಾಂಶದೆಡೆಗೆ

ವಾಣಿಜ್ಯ ಪದವಿ ಪಡೆದು ಮಂಡಿ, ಗೋದಾಮು ಅಥವಾ ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಎಂಟು ಹತ್ತು ವರ್ಷ ದುಡಿದ ನೌಕರರು ತಂತ್ರಾಂಶ ರಚನೆಯ ವೃತ್ತಿಗೆ ಹೋಗಬಯಸಿದಾಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಬಿ.ಇ. ಓದದವರಿಗೆ ಅದೆಲ್ಲ ಸಾಧ್ಯವೇ?’ ಎಂಬುದು ಮಾಲೀಕರ ಪ್ರಶ್ನೆ. ‘ಆರೇ ತಿಂಗಳು, ಉದ್ಯೋಗ ಖಚಿತ’ ಎಂಬುದು ಕೆಲವು ತರಬೇತಿ ಕೇಂದ್ರಗಳ ಜಾಹೀರಾತು. ಮೊದಲನೆಯದು ನೌಕರರ ಸಾಮರ್ಥ್ಯವನ್ನು ಕಡೆಗಣಿಸುತ್ತದೆ; ಎರಡನೆಯದು ಅವರ ಉಳಿತಾಯವನ್ನು ಕರಗಿಸುತ್ತದೆ. ಎರಡೂ ಸಂದರ್ಭಗಳಲ್ಲಿ ನಷ್ಟಕ್ಕೆ ಗುರಿಯಾಗುವವರಲ್ಲಿ ಉದ್ದಿಮೆದಾರರೂ ಸೇರಿದ್ದಾರೆ ಎಂಬುದನ್ನು ಮರೆಯಲಾಗದು.

ಇಂಜಿನಿಯರಿಂಗ್ ಪದವಿಯಿಲ್ಲದೆ ತಂತ್ರಾಂಶ ರಚಿಸಲಾಗದು ಎಂಬ ನಂಬಿಕೆಗೆ ಉತ್ತರ ಬಹುತೇಕ ವರ್ತಕರ ಮೇಜಿನ ಮೇಲೆಯೇ ಇದೆ. ಯಂತ್ರಗಳ ಬಿಡಿಭಾಗ ಹಾಗೂ ಕಚ್ಚಾ ಸಾಮಗ್ರಿ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಪತ್ರ ನಿರ್ವಹಣೆಗೆ ತಕ್ಕ ತಂತ್ರಾಂಶ ದೊರೆಯಲಿಲ್ಲ. ಗಣಿತದಲ್ಲಿ ಪದವಿ ಪಡೆದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಆ ಕೆಲಸ ವಹಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಹೀಗೆ ಆರಂಭವಾದ ಪ್ರಯತ್ನವೇ ಮುಂದೆ ‘ಟ್ಯಾಲಿ’ ಎಂದು ಮನೆಮಾತಾಯಿತು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ತಂತ್ರಾಂಶ ಹುಟ್ಟಿದ್ದು ಒಬ್ಬ ವರ್ತಕನ ಅಗತ್ಯದಿಂದ. ವಿಪ್ರೋದಂತಹ ದೊಡ್ಡ ಸಂಸ್ಥೆಯೂ ಬಿ.ಎಸ್‌ಸಿ. ಪದವೀಧರರನ್ನು ನೇಮಿಸಿಕೊಂಡು, ಕೆಲಸದ ಜೊತೆಯಲ್ಲೇ ಉನ್ನತ ವ್ಯಾಸಂಗ ಮಾಡಿಸುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ.

ಹಾಗಾದರೆ ವಾಣಿಜ್ಯ ಪದವೀಧರರ ಬಂಡವಾಳವೇನು? ಅದು ಅವರ ವ್ಯವಹಾರಜ್ಞಾನ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದ ಸಂದರ್ಭವನ್ನೇ ತೆಗೆದುಕೊಳ್ಳಬಹುದು. ಹಳೆಯ ದರದಲ್ಲಿ ಮಾರಿದ ಸರಕು ಆ ದಿನಾಂಕದ ನಂತರ ಮರಳಿ ಬಂದರೆ ಕ್ರೆಡಿಟ್ ನೋಟನ್ನು ಯಾವ ದರದಲ್ಲಿ ಬರೆಯಬೇಕು? ಮೂಲ ಬಿಲ್ಲಿನ ದರದಲ್ಲೇ ಬರೆಯಬೇಕು ಎಂಬುದು ಅನುಭವಿ ಲೆಕ್ಕಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರೋಗ್ರಾಮ್ ಬರೆಯುವುದರಲ್ಲಿ ನಿಪುಣನಾದರೂ ವ್ಯಾಪಾರ ತಿಳಿಯದವನು ಇಂದಿನ ದರವನ್ನೇ ಅಳವಡಿಸಿ, ತಿಂಗಳ ಕೊನೆಗೆ ರಿಟರ್ನ್ ತಾಳೆಯಾಗದಂತೆ ಮಾಡುವ ಸಂಭವವಿದೆ. ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ತಿಂಗಳುಗಳು ಸಾಕು. ವ್ಯವಹಾರದ ಸೂಕ್ಷ್ಮಗಳನ್ನು ಅರಿಯಲು ವರ್ಷಗಳು ಬೇಕು.

ಇದರರ್ಥ ಇಂಜಿನಿಯರಿಂಗ್ ಪದವಿಗೆ ಬೆಲೆಯಿಲ್ಲವೆಂದಲ್ಲ. ಲಕ್ಷಾಂತರ ಜನ ಏಕಕಾಲಕ್ಕೆ ಬಳಸುವ ವ್ಯವಸ್ಥೆಗಳನ್ನು ಕಟ್ಟಲು ಆಳವಾದ ಶಾಸ್ತ್ರಜ್ಞಾನ ಅವಶ್ಯ. ಅಲ್ಲದೆ ಕಾಲವೂ ಅನುಕೂಲಕರವಾಗಿಲ್ಲ. 2023-24ರಲ್ಲಿ ಟಿ.ಸಿ.ಎಸ್., ಇನ್‌ಫೋಸಿಸ್ ಹಾಗೂ ವಿಪ್ರೋ ಮೂರೂ ಸಂಸ್ಥೆಗಳ ಒಟ್ಟು ಸಿಬ್ಬಂದಿ ಸಂಖ್ಯೆ ಹಿಂದಿನ ವರ್ಷಕ್ಕಿಂತ ಇಳಿಯಿತು. ಸರಳವಾದ ಪ್ರೋಗ್ರಾಮುಗಳನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತಿರುವ ಈ ದಿನಗಳಲ್ಲಿ, ಇರುವ ಕೆಲಸಕ್ಕೆ ರಾಜೀನಾಮೆ ನೀಡಿ, ಸಾಲ ಮಾಡಿ ತರಬೇತಿ ಶುಲ್ಕ ಕಟ್ಟುವುದು ವಿವೇಕವಲ್ಲ. ಯಂತ್ರ ಕೊಳ್ಳುವ ಮುನ್ನ ಹೂಡಿದ ಹಣ ಎಷ್ಟು ವರ್ಷಕ್ಕೆ ಮರಳುವುದೆಂದು ಲೆಕ್ಕ ಹಾಕುವಂತೆ ಇಲ್ಲಿಯೂ ಹಾಕಬೇಕು. ಶುಲ್ಕದ ಜೊತೆಗೆ ಕೈತಪ್ಪುವ ಸಂಬಳವನ್ನೂ ಖರ್ಚಿಗೆ ಸೇರಿಸಬೇಕು. ‘ಅನುಭವ ಪತ್ರ’ವನ್ನೂ ಒದಗಿಸುವುದಾಗಿ ಹೇಳುವ ಕೇಂದ್ರಗಳಿಂದಂತೂ ದೂರವಿರುವುದೇ ಲೇಸು. ಸುಳ್ಳು ದಾಖಲೆ ಪರಿಶೀಲನೆಯಲ್ಲಿ ಬಯಲಾದರೆ ಹೊಸ ಕೆಲಸದೊಂದಿಗೆ ಹತ್ತು ವರ್ಷ ಗಳಿಸಿದ ಹೆಸರೂ ಹೋಗುತ್ತದೆ.

ಕಲಿಕೆಗೆ ದುಬಾರಿ ಶುಲ್ಕವೇನೂ ಅನಿವಾರ್ಯವಲ್ಲ. ಐ.ಐ.ಟಿ.ಗಳ ಎನ್.ಪಿ.ಟಿ.ಇ.ಎಲ್. ಹಾಗೂ ಕೇಂದ್ರ ಸರ್ಕಾರದ ‘ಸ್ವಯಂ’ ಪಾಠಗಳು ಉಚಿತವಾಗಿ ದೊರೆಯುತ್ತವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ತೆರಬೇಕು. ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಟ್ಯಾಲಿ ಬಲ್ಲವರು ಅದರದೇ ಟಿ.ಡಿ.ಎಲ್. ಭಾಷೆಯಿಂದ ಆರಂಭಿಸಿ, ಬಳಿಕ ಎಸ್.ಕ್ಯೂ.ಎಲ್. ಮತ್ತು ಪೈಥಾನ್ ಕಲಿಯುವುದು ಸುಲಭದ ಹಾದಿ.

ಉದ್ದಿಮೆದಾರರ ಪಾತ್ರ ಇಲ್ಲಿಯೇ ಮಹತ್ವದ್ದಾಗುತ್ತದೆ. ಆಸಕ್ತ ನೌಕರರಿಗೆ ದಿನಕ್ಕೆ ಒಂದು ಗಂಟೆಯ ಬಿಡುವು ಮತ್ತು ಒಂದು ನಿಜವಾದ ಕೆಲಸ ಕೊಟ್ಟರೆ ಸಾಕು. ವಸೂಲಾಗದ ಬಾಕಿಗಳನ್ನು ದಿನಗಳ ಪ್ರಕಾರ ವಿಂಗಡಿಸುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಚಲನೆಯಿಲ್ಲದ ದಾಸ್ತಾನನ್ನು ಗುರುತಿಸುವುದು, ಇಂತಹ ಕೆಲಸಗಳಿಂದಲೇ ಪ್ರಯೋಗ ಆರಂಭವಾಗಲಿ. ಆದರೆ ಪ್ರಯೋಗವೆಲ್ಲವೂ ಲೆಕ್ಕದ ಪ್ರತಿಯ ಮೇಲೆ ನಡೆಯಬೇಕೇ ಹೊರತು ಮೂಲ ಲೆಕ್ಕದ ಮೇಲಲ್ಲ. ಕಂಪನಿಗಳಾಗಿ ನೋಂದಾಯಿಸಿಕೊಂಡವರು, ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ ಮತ್ತು ಆ ದಾಖಲೆಯನ್ನು ಸ್ಥಗಿತಗೊಳಿಸಲಾಗದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಚಿಸಿದ ಪ್ರೋಗ್ರಾಮಿನ ವಿವರಗಳನ್ನು ಬರೆದಿಡುವುದನ್ನೂ ಕಡ್ಡಾಯಗೊಳಿಸಬೇಕು. ಇಲ್ಲವಾದರೆ ಬರೆದವರು ಹೊರಟುಹೋದ ದಿನವೇ ಪ್ರೋಗ್ರಾಮ್ ಅನಾಥವಾಗುತ್ತದೆ.

ಹೊಸಬರನ್ನು ತರಬೇತುಗೊಳಿಸಲು ಕಾನೂನಿನ ನೆರವೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯಿಂದಾಗಿ ಇಂಜಿನಿಯರಿಂಗೇತರ ಪದವೀಧರರನ್ನೂ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಯೋಜನೆಯಡಿ ನಿಗದಿತ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಘಟಕಗಳು ಈ ಸೌಲಭ್ಯವನ್ನು ಬಳಸಿಕೊಳ್ಳುವುದು ಒಳಿತು.

ಕಲಿತವರು ಬಿಟ್ಟುಹೋಗುತ್ತಾರೆಂಬ ಭಯ ಸಹಜವೇ. ಹೆಚ್ಚಿದ ಕೌಶಲಕ್ಕೆ ತಕ್ಕ ಸಂಬಳ ಹೆಚ್ಚಿಸದಿದ್ದರೆ ಅವರು ಹೋಗುವುದೂ ಖಂಡಿತ. ಆದರೆ ಕಲಿಯಲು ಅವಕಾಶವೇ ಇಲ್ಲದ ಕಡೆಯಿಂದ ಅವರು ಇನ್ನೂ ಬೇಗ ಹೋಗುತ್ತಾರೆ. ಹೋಗುವಾಗ ಸಂಸ್ಥೆಯ ಹತ್ತು ವರ್ಷದ ಅನುಭವವನ್ನೂ ಕೊಂಡೊಯ್ಯುತ್ತಾರೆ. ಆಸ್ತಿ ಹೊಣೆ ಪಟ್ಟಿಯಲ್ಲಿ ಕಾಣದ ಈ ಆಸ್ತಿಯನ್ನು ಉಳಿಸಿಕೊಳ್ಳುವುದೋ ಕಳೆದುಕೊಳ್ಳುವುದೋ ಎಂಬುದನ್ನು ಮಾಲೀಕರೇ ನಿರ್ಧರಿಸಬೇಕಾಗಿದೆ.